ಟ್ಯಾಕ್ಸ್ ಇಲ್ಲದ ದುಬೈ, ಕಲಬುರಗಿಯಲ್ಲಿ ಕೂತು ಹಾಕಿದ ಲೆಕ್ಕ

ದುಬೈನ ಕಂಪನಿಯೊಂದು ತಿಂಗಳಿಗೆ 9,000 ದಿರ್ಹಮ್ ಸಂಬಳಕ್ಕೆ ನನ್ನನ್ನು ಕರೆದಿತ್ತು. ದುಬೈನಲ್ಲಿ ಸಂಬಳಕ್ಕೆ ಟ್ಯಾಕ್ಸ್ ಇಲ್ಲ. ಮಾತು ನಿಜ. ಆದರೆ ತಿಂಗಳಿಗೆ 70,000 ರೂಪಾಯಿ ಎಣಿಸುತ್ತಿದ್ದ ನನಗೆ ಕಲಬುರಗಿಯಲ್ಲೂ ಇನ್‌ಕಮ್ ಟ್ಯಾಕ್ಸ್ ಇರಲಿಲ್ಲ. 2025ರ ಬಜೆಟ್ ಆದ ಮೇಲೆ ಹೊಸ ಟ್ಯಾಕ್ಸ್ ಪದ್ಧತಿಯಲ್ಲಿ ಸಂಬಳದವರು ವರ್ಷಕ್ಕೆ 12.75 ಲಕ್ಷದ ತನಕ ಏನೂ ಕಟ್ಟಬೇಕಿಲ್ಲ. ನನ್ನ ಸ್ಲಿಪ್‌ನಲ್ಲಿ ಕಟ್ ಆಗುತ್ತಿದ್ದದ್ದು ಪಿಎಫ್ 3,600, ಪ್ರೊಫೆಷನಲ್ ಟ್ಯಾಕ್ಸ್ 200, ಅಷ್ಟೇ. ಹಾಗಾಗಿ ಟ್ಯಾಕ್ಸ್ ಫ್ರೀ ಅನ್ನೋ ಮಾತಿಗೆ ನನ್ನ ಮಟ್ಟಿಗೆ ಬೆಲೆಯೇ ಇರಲಿಲ್ಲ. ಇಲ್ಲೂ ಸೊನ್ನೆ, ಅಲ್ಲೂ ಸೊನ್ನೆ.

ಇದನ್ನು ನಮ್ಮ ಕಾಕಾಗೆ ತಿಳಿಸಿ ಹೇಳೋದು ಕಷ್ಟವಾಯಿತು. "ಒಂಬತ್ತು ಸಾವಿರ ದಿರ್ಹಮ್ ಅಂದ್ರ ಎರಡು ಲಕ್ಷದ ಮ್ಯಾಲ ಆಯ್ತಲ್ಲೋ ತಮ್ಮಾ, ಮತ್ತೇನ್ ಲೆಕ್ಕ ಹಾಕ್ಲತ್ತಿ?" ಅಂದರು. ಅವರು ಹೇಳಿದ್ದು ತಪ್ಪಲ್ಲ. ಆಗ ದಿರ್ಹಮ್‌ಗೆ 23 ರೂಪಾಯಿ ಚಿಲ್ಲರೆ ಇತ್ತು. ಚಿಲ್ಲರೆ ಬಿಟ್ಟು ಗುಣಿಸಿದರೂ 2,07,000. ಆದರೆ ಆ ದುಡ್ಡನ್ನು ನಾನು ಖರ್ಚು ಮಾಡೋದು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಅಲ್ವಲ್ಲ. ಸಂಬಳವನ್ನು ರೂಪಾಯಿಗೆ ತಿರುಗಿಸಿ, ಖರ್ಚನ್ನು ಕಲಬುರಗಿ ರೇಟಿನಲ್ಲಿ ಕಳೆದರೆ ಯಾವ ದೇಶವಾದರೂ ಚಿನ್ನದ ಗಣಿಯ ಹಾಗೇ ಕಾಣುತ್ತದೆ.

ನಾನು ಮಾಡಿದ್ದು ಇಷ್ಟು. ಕಲಬುರಗಿ ಖರ್ಚನ್ನು ರೂಪಾಯಿಯಲ್ಲೇ ಬರೆದೆ, ದುಬೈ ಖರ್ಚನ್ನು ದಿರ್ಹಮ್‌ನಲ್ಲೇ ಬರೆದೆ. ಕೊನೆಗೆ ಉಳಿದ ಮೊತ್ತವನ್ನು ಮಾತ್ರ ರೂಪಾಯಿ ಮಾಡಿದೆ.

ಕಲಬುರಗಿ ಕಾಲಂ ಬೇಗ ಮುಗಿಯಿತು. ಸೇಡಂ ರಸ್ತೆ ಕಡೆ ಮನೆ ಬಾಡಿಗೆ 11,000. ಮಗನ ಶಾಲೆ 4,500. ರೇಷನ್, ಹಾಲು, ಗ್ಯಾಸ್ 13,000. ಪೆಟ್ರೋಲ್, ಕರೆಂಟು, ಮೊಬೈಲು 5,000. ಆಳಂದ ತಾಲ್ಲೂಕಿನ ಊರಲ್ಲಿರೋ ಅಪ್ಪ-ಅವ್ವನ ಔಷಧಿಗೆ 3,000. ಮದುವೆ, ಮುಂಜಿವಿ, ಬಟ್ಟೆಬರೆ ಅಂತ ಸರಾಸರಿ 4,700. ಕೈಯಲ್ಲಿ ಉಳಿಯೋದು 25,000. ತೊಗರಿಬೇಳೆ ನಮ್ಮ ಹೊಲದ್ದೇ, ಅದಕ್ಕೆ ಖರ್ಚು ಬರೆಯಲಿಲ್ಲ. ಜಿಐ ಟ್ಯಾಗ್ ಪಡೆದ ಕಲಬುರಗಿ ತೊಗರಿ ಮನೆ ಡಬ್ಬಿಯಲ್ಲೇ ಇರುವಾಗ ಅಂಗಡಿ ರೇಟು ಯಾಕೆ ಬೇಕು?

ದುಬೈ ಕಾಲಂನಲ್ಲಿ ಬಾಡಿಗೆಯ ಸಾಲಿಗೆ ಬಂದು ಪೆನ್ನು ನಿಂತಿತು. ಅಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಹೇಳುತ್ತಾರೆ, ಮುಂದಿನ ತಾರೀಖು ಹಾಕಿದ ಚೆಕ್‌ಗಳಲ್ಲಿ ಕೊಡಬೇಕು. ಒಂದೇ ಚೆಕ್ ಕೊಟ್ಟರೆ ಸ್ವಲ್ಪ ಇಳಿಸುತ್ತಾರೆ, ನಾಲ್ಕು ಅಂದರೆ ಏರಿಸುತ್ತಾರೆ. ಅಲ್ಲಿರೋ ಗೆಳೆಯ ನನಗೆ ನೋಡಿದ್ದು ಅಲ್ ಕುಸೈಸ್‌ನಲ್ಲಿ ಒಂದು ಬೆಡ್‌ರೂಮಿನ ಮನೆ, ನಾಲ್ಕು ಚೆಕ್‌ಗೆ 55,000 ದಿರ್ಹಮ್. ಕೀಲಿ ಕೈಗೆ ಬರೋ ಮೊದಲು ಎಷ್ಟು ಬೇಕು ಅಂತ ಕೂಡಿಸಿದೆ. ಮೊದಲ ಚೆಕ್ 13,750. ಡಿಪಾಸಿಟ್ ಬಾಡಿಗೆಯ ಶೇ 5, ಅಂದರೆ 2,750. ಏಜೆಂಟ್ ಕಮಿಷನ್ ಇನ್ನೊಂದು 2,750. ಕರೆಂಟು, ನೀರಿನ ಡೀವಾ ಕನೆಕ್ಷನ್‌ಗೆ ಡಿಪಾಸಿಟ್ 2,000. ಒಟ್ಟು 21,250 ದಿರ್ಹಮ್, ಸುಮಾರು 4.9 ಲಕ್ಷ ರೂಪಾಯಿ. ಮೊದಲ ಸಂಬಳ ಕಾಣೋಕೆ ಮುಂಚೆ!

ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಡೀವಾ ಬಿಲ್ಲಿನಲ್ಲಿ ಹೌಸಿಂಗ್ ಫೀ ಅಂತ ಒಂದು ಸಾಲು ಇರುತ್ತದೆ. ವರ್ಷದ ಬಾಡಿಗೆಯ ಶೇ 5, ಅದನ್ನು 12 ತಿಂಗಳಿಗೆ ಹಂಚಿ ಹಾಕುತ್ತಾರೆ. ನನ್ನ ಲೆಕ್ಕದಲ್ಲಿ ತಿಂಗಳಿಗೆ 229 ದಿರ್ಹಮ್, ಐದು ಸಾವಿರ ರೂಪಾಯಿಗೂ ಜಾಸ್ತಿ. ಅದಕ್ಕೆ ಟ್ಯಾಕ್ಸ್ ಅಂತ ಹೆಸರಿಲ್ಲ, ಅಷ್ಟೇ. 2018ರ ಜನವರಿಯಿಂದ ಶೇ 5 ವ್ಯಾಟ್ ಕೂಡ ಇದೆ, ದಿನಸಿಗೂ ಬೀಳುತ್ತದೆ. ನಮ್ಮ ಜಿಎಸ್‌ಟಿ ಮುಂದೆ ಅದು ದೊಡ್ಡದಲ್ಲ ಬಿಡಿ. ಪೆಟ್ರೋಲ್ ಅಂತೂ ಅಲ್ಲಿ ಬಹಳ ಅಗ್ಗ. ಇಲ್ಲಿ ಕರ್ನಾಟಕದ ಸೇಲ್ಸ್ ಟ್ಯಾಕ್ಸೇ ಶೇ 29.84.

ಉಳಿದ ಸಾಲುಗಳು ಹೀಗೆ ಬಂದವು: ಬಾಡಿಗೆ ತಿಂಗಳಿಗೆ 4,583, ಹೌಸಿಂಗ್ ಫೀ 229, ಕರೆಂಟು-ನೀರು-ಎಸಿ 500, ಸಿಬಿಎಸ್‌ಇ ಶಾಲೆ ಮತ್ತು ಬಸ್ಸು 850, ದಿನಸಿ 1,300, ಫೋನು-ಇಂಟರ್ನೆಟ್ 450, ಮೆಟ್ರೋ-ಬಸ್ಸು 400. ಹೆಂಡತಿ, ಮಗನ ವೀಸಾ ಮತ್ತು ಇನ್ಶೂರೆನ್ಸ್ ತಿಂಗಳಿಗೆ ಹಂಚಿದರೆ 250. ನನ್ನ ಇನ್ಶೂರೆನ್ಸ್ ಕಂಪನಿ ಕೊಡಬೇಕು, ಅವರದ್ದು ನಾನೇ ಮಾಡಿಸಬೇಕು. ವರ್ಷಕ್ಕೊಮ್ಮೆ ಹೈದರಾಬಾದಿಗೆ ಟಿಕೆಟ್, 300. ಕೂಡಿಸಿದರೆ 8,862. ಒಂಬತ್ತು ಸಾವಿರದಲ್ಲಿ ಉಳಿಯೋದು 138 ದಿರ್ಹಮ್, ಹತ್ತಿರ ಹತ್ತಿರ 3,200 ರೂಪಾಯಿ. ಅಪ್ಪ-ಅವ್ವನ ಔಷಧಿಗೆ ಕಳಿಸಿದರೆ ಅದೂ ಮುಗೀತು.

ಹೆಂಡತಿ ಹಾಳೆ ನೋಡಿ, "ರೀ, ಇದಕ್ಕ ಅಷ್ಟು ದೂರ ಯಾಕ್ ಹೋಗಬೇಕು?" ಅಂದಳು.

ಹಾಳೆಯನ್ನು ಮತ್ತೆ ನೋಡಿದಾಗ ಹೊಳೆದದ್ದು ಇದು. ಅರ್ಧಕ್ಕಿಂತ ಜಾಸ್ತಿ ಸಂಬಳ ತಿನ್ನುತ್ತಿರೋದು ಬಾಡಿಗೆ ಒಂದೇ. ಅಷ್ಟೇ ಸಂಬಳ ಭಾರತದಲ್ಲಿ ಸಿಕ್ಕಿದ್ದರೆ ವರ್ಷಕ್ಕೆ ಮೂರು ಲಕ್ಷದ ಮೇಲೆ ಟ್ಯಾಕ್ಸ್ ಕಟ್ಟಬೇಕಿತ್ತು, ನಿಜ. ಆದರೆ ಅಲ್ಲಿನ ಮನೆ ಬಾಡಿಗೆಯೇ ವರ್ಷಕ್ಕೆ 12.65 ಲಕ್ಷ. ಅಂದ ಮೇಲೆ ಕಂಪನಿ ಜೊತೆ ಚೌಕಾಸಿ ಮಾಡಬೇಕಾದದ್ದು ಸಂಬಳಕ್ಕಲ್ಲ, ರೂಮಿಗೆ. ಒಬ್ಬನೇ ಬರುತ್ತೇನೆ, ರೂಮು ಮತ್ತು ಗಾಡಿ ವ್ಯವಸ್ಥೆ ನಿಮ್ಮದು, ಸಂಬಳ 7,500 ಸಾಕು ಅಂದೆ. ಅವರು ತಕ್ಷಣ ಒಪ್ಪಿದರು. ನನ್ನ ಊಟ, ಫೋನು, ಟಿಕೆಟ್ ಎಲ್ಲ ಸೇರಿ 1,600 ಕಳೆದರೆ 5,900 ದಿರ್ಹಮ್ ಉಳಿಯುತ್ತದೆ, 1,35,700 ರೂಪಾಯಿ. ಕಲಬುರಗಿ ಮನೆಗೆ 38,000 ಕಳಿಸಿದರೂ 97,000ದ ಮೇಲೆ. ಸಂಬಳ ಕಡಿಮೆ, ಉಳಿತಾಯ ಜಾಸ್ತಿ. ಮಗ ಬೆಳೆಯೋದನ್ನು ವಿಡಿಯೋ ಕಾಲ್‌ನಲ್ಲಿ ನೋಡಬೇಕು. ಅದಕ್ಕೆ ಯಾವ ಕಾಲಂನಲ್ಲೂ ಜಾಗ ಇರಲಿಲ್ಲ. ಎರಡು ವರ್ಷ ಅಂತ ಮಾತಾಡಿಕೊಂಡು ಒಪ್ಪಿದೆವು.

ಆಫರ್ ಲೆಟರ್‌ನಲ್ಲಿ ಇನ್ನೊಂದು ಅಂಕಿ ಬದಲಾಯಿಸಿಕೊಂಡೆ. ಅಲ್ಲಿ ನಮಗೆ ಪಿಎಫ್ ಇಲ್ಲ, ಕೆಲಸ ಬಿಡುವಾಗ ಗ್ರಾಚುಯಿಟಿ ಕೊಡುತ್ತಾರೆ. ಮೊದಲ ಐದು ವರ್ಷದಲ್ಲಿ ಪ್ರತಿ ವರ್ಷಕ್ಕೆ 21 ದಿನದ ಬೇಸಿಕ್, ಅಂದರೆ ಮೂಲ ಸಂಬಳ. ಅಲೋವೆನ್ಸ್ ಎಷ್ಟೇ ಇದ್ದರೂ ಲೆಕ್ಕಕ್ಕೆ ಬರಲ್ಲ. 7,500ರಲ್ಲಿ ಬೇಸಿಕ್ ಬರೀ 3,000 ಅಂತ ಬರೆದಿದ್ದರು. 4,500 ಮಾಡಿಸಿದೆ. ಕಂಪನಿಗೆ ತಿಂಗಳಿಗೆ ಒಂದು ಪೈಸೆ ಜಾಸ್ತಿ ಆಗಲ್ಲ, ನನಗೆ ವರ್ಷಕ್ಕೆ 2,100 ಬದಲು 3,150 ದಿರ್ಹಮ್.

ಕೊನೆಗೆ ಹೊರಡೋ ತಾರೀಖು. ಕಂಪನಿ ನವೆಂಬರ್‌ಗೆ ಬಾ ಅಂದಿತ್ತು. ನಮ್ಮ ಹಣಕಾಸು ವರ್ಷ ಏಪ್ರಿಲ್‌ನಿಂದ ಮಾರ್ಚ್. ಕೆಲಸಕ್ಕೆ ಅಂತ ಹೊರಗೆ ಹೋಗೋ ಭಾರತೀಯ ಆ ವರ್ಷ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಎನ್‌ಆರ್‌ಐ. ಇಲ್ಲದಿದ್ದರೆ ದುಬೈ ಸಂಬಳವನ್ನೂ ಇಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ನವೆಂಬರ್‌ಗೆ ಹೋಗಿದ್ದರೆ ಎರಡೂ ಸಂಬಳ ಸೇರಿ 13.5 ಲಕ್ಷ ಆಗುತ್ತಿತ್ತು, 12.75ರ ಗೆರೆ ದಾಟಿ 70,000ದ ಮೇಲೆ ಟ್ಯಾಕ್ಸ್ ಬೀಳುತ್ತಿತ್ತು. ಸೆಪ್ಟೆಂಬರ್ ಮಧ್ಯಕ್ಕೇ ಬರುತ್ತೇನೆ ಅಂತ ಕೇಳಿ ತಾರೀಖು ಹಿಂದಕ್ಕೆ ತಂದೆ. ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಗೆ ಬರೋ ರಜೆಯೂ ಅದೇ 182ರ ಲೆಕ್ಕಕ್ಕೆ ಸೇರುತ್ತದೆ, ಬಂದ ದಿನ, ಹೋದ ದಿನ ಎರಡೂ. ಹಾಗಾಗಿ ಎರಡು ವಾರ ತುಂಬಾ ಇರೋಕೂ ಆಗಲಿಲ್ಲ.

ಹೋಗುವ ಮುಂಚೆ ಬ್ಯಾಂಕಿಗೆ ಹೋಗಿ ಹಳೇ ಖಾತೆಯನ್ನು ಎನ್‌ಆರ್‌ಒ (ಎನ್‌ಆರ್‌ಐಗಳ ಇಲ್ಲಿನ ಆದಾಯಕ್ಕಿರೋ ಖಾತೆ) ಮಾಡಿಸಿ, ದುಬೈ ದುಡ್ಡಿಗೆ ಎನ್‌ಆರ್‌ಇ (ಹೊರಗಿನ ಗಳಿಕೆಗಿರೋ ಖಾತೆ) ತೆರೆದೆ. ಎನ್‌ಆರ್‌ಇ ಬಡ್ಡಿಗೆ ಟ್ಯಾಕ್ಸ್ ಇಲ್ಲ, ಎನ್‌ಆರ್‌ಒ ಬಡ್ಡಿಗೆ ಶೇ 30 ಟಿಡಿಎಸ್ (ಬ್ಯಾಂಕೇ ಮೊದಲು ಹಿಡಿಯೋ ಟ್ಯಾಕ್ಸ್), ಮೇಲೆ ಸೆಸ್. ಆಳಂದದ ಹೊಲ ಅಪ್ಪನ ಹೆಸರಲ್ಲೇ ಇದೆ. ಮುಂದೆ ವಾರಸಾಗಿ ನನಗೆ ಬಂದರೂ ಎನ್‌ಆರ್‌ಐ ಇಟ್ಟುಕೊಳ್ಳಬಹುದು, ಹೊಸದಾಗಿ ಹೊಲ ಕೊಳ್ಳೋಕೆ ಮಾತ್ರ ಆಗಲ್ಲ.

ಮನೆಯವರ ಜೊತೆಗೇ ಹೋಗೋದಾದರೆ ಎಷ್ಟು ಕೇಳಬೇಕು ಅಂತ ಈಗ ಯಾರಾದರೂ ಕೇಳಿದರೆ ನನ್ನ ಹಾಳೆಯ ಅಂಕಿ ಹೇಳುತ್ತೇನೆ. ಔಷಧಿ ದುಡ್ಡು, ಕಲಬುರಗಿಯಲ್ಲಿ ಉಳಿಯುತ್ತಿದ್ದ 25,000, ನಿಂತುಹೋಗೋ ಎರಡೂ ಕಡೆಯ ಪಿಎಫ್ ಸೇರಿಸಿದರೆ ತಿಂಗಳಿಗೆ ಸುಮಾರು 10,400 ದಿರ್ಹಮ್. ಅದು ಕಲಬುರಗಿಯಲ್ಲಿ ಇದ್ದಷ್ಟೇ ಉಳಿಸೋಕೆ.