ಸೊಳ್ಳೆ ಬತ್ತಿಯಿಂದ ಚಂದ್ರಿಕೆವರೆಗೆ: ಶಾಂತಿ ಕೆಲಸದ ಸಂಸ್ಥೆಗೆ ಗುರುತು ಕಟ್ಟುವ ಬಗೆ

ಶಿಡ್ಲಘಟ್ಟದಲ್ಲಿ ನಾನು 1991ರಿಂದ ಬೋರ್ಡ್ ಬರೆಯುತ್ತಿದ್ದೇನೆ. ಮೊದಲು ತಗಡು, ಬ್ರಷ್ಷು, ಎನಾಮಲ್ಲು. ಫ್ಲೆಕ್ಸ್ ಬಂದ ಮೇಲೆ ಹೊಟ್ಟೆಪಾಡಿಗೆ ಕೋರಲ್ ಡ್ರಾ ಕಲಿತೆ. ಬೇಕರಿ, ಬಿತ್ತನೆ ಬೀಜದಂಗಡಿ, ಕಲ್ಯಾಣ ಮಂಟಪ, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಗೋಡೆಬರಹ, ಯಾವುದನ್ನೂ ಬಿಟ್ಟಿಲ್ಲ. ಎರಡು ವರ್ಷದ ಹಿಂದೆ ಒಂದು ಸಂಜೆ ಅಂಗಡಿಗೆ ನಾಲ್ವರು ಬಂದರು. ನನಗೆ ಏಳನೇ ಕ್ಲಾಸಿನಲ್ಲಿ ಪಾಠ ಹೇಳಿದ್ದ ಮೇಷ್ಟ್ರು, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರ್ ಭಾಯ್, ಸ್ತ್ರೀಶಕ್ತಿ ಸಂಘದ ಒಬ್ಬ ಅಕ್ಕ, ಒಬ್ಬ ಆಟೋ ಡ್ರೈವರ್. ಹಬ್ಬದ ಮೆರವಣಿಗೆ ದಿನ ಬೀದಿಯಲ್ಲಿ ಮಾತಿಗೆ ಮಾತು ಬೆಳೆದರೆ ನಡುವೆ ನಿಂತು ಎರಡೂ ಕಡೆಯವರನ್ನು ಮಾತಾಡಿಸಿ ಮನೆಗೆ ಕಳಿಸುವುದು ಅವರ ಕೆಲಸ. ಆಗಷ್ಟೇ ಟ್ರಸ್ಟ್ ರಿಜಿಸ್ಟರ್ ಮಾಡಿಸಲು ಹೊರಟಿದ್ದರು.

"ಒಂದು ಲೋಗೋ ಮಾಡಿಕೊಡಪ್ಪ, ಪಾರಿವಾಳ ಒಂದು ಹಾಕಿದ್ರೆ ಸಾಕು" ಅಂದರು ಮೇಷ್ಟ್ರು.

ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಕಲಿತದ್ದನ್ನು ಇಂಥದೇ ಕೆಲಸಕ್ಕೆ ಇಳಿಯುವವರಿಗಾಗಿ ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರು ಬರೆಯಬೇಡ ಅಂದಿದ್ದಾರೆ, ಬರೆಯುವುದಿಲ್ಲ.

ಬೇಕರಿಯ ಗುರುತು ದೂರದಿಂದ ಎದ್ದು ಕಂಡರೆ ಮುಗಿಯಿತು. ಶಾಂತಿ ಕೆಲಸದವರ ಗುರುತಿಗೆ ಅಷ್ಟು ಸಾಲದು. ಅದನ್ನು ನೋಡಿದ ಯಾವ ಬೀದಿಯವರೂ "ಓ, ಇದು ಅವರದು" ಅನ್ನಬಾರದು. ಹೆಸರು, ಬಣ್ಣ, ಚಿತ್ರ, ಅಕ್ಷರ ನಾಲ್ಕನ್ನೂ ಇದೇ ಜರಡಿಯಲ್ಲಿ ಹಾಕಿ ಜಾಲಿಸಬೇಕು.

ಹೆಸರು

ಪಟ್ಟಿಯಲ್ಲಿ ಮೊದಲಿಗೆ ಇದ್ದದ್ದು 'ಶಾಂತಿ'. ನಮ್ಮ ಕಡೆ ಶಾಂತಿ ಅಂದರೆ ಒಬ್ಬರಿಗೆ ನವಗ್ರಹ ಶಾಂತಿ. ಇನ್ನೊಬ್ಬರಿಗೆ ಗಣೇಶನ ಹಬ್ಬಕ್ಕೋ ಬಕ್ರೀದಿಗೋ ಮುಂಚೆ ಪೊಲೀಸ್ ಠಾಣೆಯಲ್ಲಿ ಕರೆಯುವ ಶಾಂತಿ ಸಭೆ. ಅಲ್ಲಿಗೆ ಪ್ರತಿ ವರ್ಷ ಹೋಗುವುದು ಅದೇ ಹತ್ತು ಮುಖಂಡರು, ಟೀ ಬಿಸ್ಕತ್ತು ಮುಗಿಸಿ ಬರುತ್ತಾರೆ. ಆ ಹೆಸರಿಟ್ಟುಕೊಂಡು ಮನೆ ಬಾಗಿಲಿಗೆ ಹೋದರೆ ಠಾಣೆಯವರೇ ಕಳಿಸಿದ್ದಾರೆ ಅಂದುಕೊಳ್ಳುತ್ತಾರೆ.

ಎರಡನೆಯದು 'ಸೌಹಾರ್ದ'. 1997ರ ಸೌಹಾರ್ದ ಸಹಕಾರಿ ಕಾಯ್ದೆ ಬಂದ ಮೇಲೆ ಆ ಪದ ಸಾಲ ಕೊಡುವವರ ಬೋರ್ಡಿಗೆ ಸೇರಿಹೋಗಿದೆ. "ಬಡ್ಡಿ ಎಷ್ಟು ಅಂತ ಕೇಳ್ತಾರೆ ಸಾರ್" ಅಂದ ಆಟೋದವನು. 'ಅಮನ್' ಕೇಳಲು ಚೆನ್ನಾಗಿತ್ತು, ಒಂದು ಬೀದಿಗೆ ಮಾತ್ರ. ಸಂಸ್ಕೃತದ ಉದ್ದ ಸಮಾಸಗಳು ಇನ್ನೊಂದು ಬೀದಿಗೆ ಮಾತ್ರ.

ಆಮೇಲೆ ದಿನಾ ಬಳಸುವ ಮಾತುಗಳನ್ನು ಹುಡುಕಿದೆವು. ನಮ್ಮ ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗು, ಮಾರುಕಟ್ಟೆಯಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ. ಮೂರು ನಾಲಿಗೆಗೂ ಹೆಸರು ಸಲೀಸಾಗಿ ಹೊರಳಬೇಕು. 'ಳ' ಇರುವ ಹೆಸರು ಬೇಡ ಅಂದರು ರೀಲರ್ ಭಾಯ್, "ನಮ್ಮನೇಲಿ ಅದು ಲ ಆಗ್ಬಿಡ್ತದೆ." ಒತ್ತಕ್ಷರ ಜಾಸ್ತಿ ಇದ್ದರೆ ರಬ್ಬರ್ ಸ್ಟ್ಯಾಂಪಿನಲ್ಲಿ ಕಲಸಿಹೋಗುತ್ತದೆ ಎಂದು ನಾನು ಸೇರಿಸಿದೆ. ಉಳಿದ ಪರೀಕ್ಷೆ ಒಂದೇ: ಫೋನಿನಲ್ಲಿ ಹೆಸರನ್ನು ಒಂದು ಸಲ ಹೇಳಿ, ಆ ಕಡೆಯವರು "ಏನಂದ್ರಿ?" ಅನ್ನದೆ ಬರೆದುಕೊಂಡರೆ ಪಾಸು. ಮೂರು ಅಕ್ಷರದ ಒಂದು ಮಾತು ಪಾಸಾಯಿತು.

ಬಣ್ಣಕ್ಕೆಲ್ಲ ಹಕ್ಕುಪತ್ರ ಆಗಿಹೋಗಿದೆ

ಕೇಸರಿ ಯಾರದು, ಹಸಿರು ಯಾರದು, ನೀಲಿ ಯಾರದು, ಕೆಂಪು ಯಾರದು ಎಂದು ಬೀದಿಯ ಮಕ್ಕಳಿಗೂ ಗೊತ್ತು. ಹಳದಿ ಮತ್ತು ಕೆಂಪು ಜೊತೆಯಾದರೆ ನವೆಂಬರ್ ತಿಂಗಳು. ಬರೀ ಬಿಳಿ ಮತ್ತು ಕಪ್ಪು ಇಟ್ಟು ನೋಡಿದೆ. ಅಕ್ಕ ಒಂದೇ ಮಾತು ಹೇಳಿದರು, "ಭಾವಪೂರ್ಣ ಶ್ರದ್ಧಾಂಜಲಿ ಬ್ಯಾನರ್ ಇದ್ದಂಗಿದೆ." ತೆಗೆದುಬಿಟ್ಟೆ.

ಉಳಿದದ್ದು ಹಿಪ್ಪುನೇರಳೆ ಹಣ್ಣಿನ ಬಣ್ಣ, ಅದೂ ತೀರಾ ಮಾಗಿದ ಹಣ್ಣಿನದು. ಅದನ್ನು ಯಾರೂ ಬಾವುಟಕ್ಕೆ ಹಾಕಿಕೊಂಡಿಲ್ಲ. ನಮ್ಮ ಸುತ್ತಿನ ತೋಟದಲ್ಲೆಲ್ಲ ಇದೆ, ಚಿಕ್ಕಂದಿನಲ್ಲಿ ಎಲ್ಲರ ಅಂಗಿಗೂ ಅದರ ಕಲೆ ಹತ್ತಿದೆ. ಜೊತೆಗೆ ಸಿ.ಬಿ. ಅನ್ನುವ ಮಿಶ್ರತಳಿ ರೇಷ್ಮೆ ಗೂಡಿನ ಮಾಸಲು ಹಳದಿ. ಪ್ರೆಸ್ಸಿಗೆ ಕೊಡುವಾಗ ನಾಲ್ಕು ಇಂಕಿನ ಶೇಕಡ ಲೆಕ್ಕ, ಸಯಾನ್ 50, ಮೆಜೆಂಟಾ 90, ಹಳದಿ 35, ಕಪ್ಪು 45 ಎಂದು ಬರೆದುಕೊಟ್ಟೆ. ಅದೇ ಲೆಕ್ಕ ಫ್ಲೆಕ್ಸ್ ಮೆಷಿನ್ನಿನಲ್ಲಿ ಬೇರೆಯಾಗಿ ಬರುತ್ತದೆ, ಸ್ವಲ್ಪ ಕಂದು ತಿರುಗುತ್ತದೆ. ಆದ್ದರಿಂದ ಎಲ್ಲಿ ಪ್ರಿಂಟ್ ಹಾಕಿಸುತ್ತೀರೋ ಅಲ್ಲಿ ಮೊದಲು ಅಂಗೈ ಅಗಲದ ತುಂಡು ತೆಗೆಸಿ ಬಿಸಿಲಿಗೆ ಹಿಡಿದು ನೋಡಿ. ಗೋಡೆಗೆ ಬರೆಯುವುದಾದರೆ ಎನಾಮಲ್ಲಿನಲ್ಲಿ ಪಿ.ಓ. ರೆಡ್ (ಪೋಸ್ಟ್ ಆಫೀಸ್ ಕೆಂಪು) ಮೂರು ಪಾಲಿಗೆ ಆಕ್ಸ್‌ಫರ್ಡ್ ಬ್ಲೂ ಒಂದು ಪಾಲಿನಿಂದ ಶುರು ಮಾಡಿ. ಹಸಿ ಬಣ್ಣವನ್ನು ನಂಬಬೇಡಿ, ಒಣಗಿದ ಮೇಲೆ ತೀರ್ಮಾನ ಮಾಡಿ. ಇಡೀ ಗೋಡೆಗೆ ಬೇಕಾದಷ್ಟನ್ನು ಒಂದೇ ಸಲ ಕಲಸಿಕೊಳ್ಳಿ, ಮಾರನೇ ದಿನ ಅದೇ ಬಣ್ಣ ನನ್ನ ಕೈಗೂ ಸಿಗುವುದಿಲ್ಲ.

ಚಿತ್ರ

ಹೆಚ್ಚು ದಿನ ತಿಂದದ್ದು ಇದು.

ಪಾರಿವಾಳದಿಂದಲೇ ಶುರು ಮಾಡಿದೆ. 1949ರಲ್ಲಿ ಪ್ಯಾರಿಸಿನ ಶಾಂತಿ ಸಮ್ಮೇಳನದ ಪೋಸ್ಟರಿಗೆ ಪಿಕಾಸೊ ಬರೆದ ಪಾರಿವಾಳ ಬಂದ ಮೇಲೆ ಜಗತ್ತಿನ ಶಾಂತಿ ಸಂಸ್ಥೆಗಳಲ್ಲೆಲ್ಲ ಅದರ ಮರಿಗಳೇ. ಬಾಯಿಯಲ್ಲಿ ಆಲಿವ್ ಎಲೆ ಬೇರೆ. ಆಲಿವ್ ಮರ ನಮ್ಮಲ್ಲಿ ಎಲ್ಲಿದೆ? ನೋಡಿದವರೆಲ್ಲ ಬೇವಿನ ಸೊಪ್ಪು ಅಂದರು. ಪೇಟೆಯ ಒಬ್ಬ ಹೆಂಗಸು "ಚರ್ಚಿಂದಾ?" ಎಂದು ಕೇಳಿದರು.

ಮೇಷ್ಟ್ರ ಮೊಮ್ಮಗಳು ಟೀ ಶರ್ಟಿನ ಮೇಲಿನ ಶಾಂತಿ ಚಿಹ್ನೆ ತಂದಳು. ವೃತ್ತದೊಳಗೆ ಒಂದು ನೇರ ಗೆರೆ, ಕೆಳಗೆ ಎರಡು ಕವಲು. ಅದನ್ನು 1958ರಲ್ಲಿ ಜೆರಾಲ್ಡ್ ಹಾಲ್ಟಮ್ ಎಂಬ ಇಂಗ್ಲೆಂಡಿನ ಕಲಾವಿದ ಲಂಡನ್ನಿನಿಂದ ಆಲ್ಡರ್‌ಮಾಸ್ಟನ್‌ಗೆ ಹೊರಟ ಅಣ್ವಸ್ತ್ರ ವಿರೋಧಿ ನಡಿಗೆಗೆಂದು ಬರೆದದ್ದು. ಹಡಗಿನವರು ಬಾವುಟ ಹಿಡಿದು ತೋರಿಸುವ ಅಕ್ಷರ ಸಂಕೇತಗಳಿವೆಯಲ್ಲ, ಅದರ 'ಎನ್' ಮತ್ತು 'ಡಿ' ಎರಡನ್ನು ಒಂದರ ಮೇಲೊಂದು ಇಟ್ಟಿದ್ದಾನೆ. ಅಷ್ಟು ಕಡಿಮೆ ಗೆರೆಯಲ್ಲಿ ಅಷ್ಟು ದೂರ ಹೋದ ಗುರುತು ಇನ್ನೊಂದಿಲ್ಲ, ಪೇಂಟರ್ ಆಗಿ ನನಗೆ ಹೊಟ್ಟೆಕಿಚ್ಚು. ಆದರೆ ಆಟೋದವನು ನೋಡಿ "ಬೆಂಝ್ ಕಾರಿನದಲ್ವಾ?" ಅಂದ. ಅಲ್ಲಿಗೆ ಅದೂ ಮುಗಿಯಿತು.

ಎತ್ತಿದ ಕೈ ಪಕ್ಷದ್ದು. ಹೂವು ಪಕ್ಷದ್ದು. ಗಾಂಧಿ ಕನ್ನಡಕ 2014ರಿಂದ ಸ್ವಚ್ಛ ಭಾರತದ್ದು. ಟೋಪಿ ಒಬ್ಬರಿಗೆ, ತಿಲಕ ಒಬ್ಬರಿಗೆ, ಶಿಲುಬೆ ಒಬ್ಬರಿಗೆ ಹಾಕಿ ಮೂವರನ್ನು ಸಾಲಾಗಿ ನಿಲ್ಲಿಸುವ ಚಿತ್ರವನ್ನು ನಾನೇ ಸ್ವಾತಂತ್ರ್ಯ ದಿನಕ್ಕೆ ಎಷ್ಟೋ ಸಲ ಬರೆದಿದ್ದೇನೆ. ಈಗ ನೋಡಿದರೆ ಆ ಮೂವರು ಒಬ್ಬರ ಮುಖ ಒಬ್ಬರು ನೋಡುತ್ತಲೇ ಇಲ್ಲ. ವಿದುರಾಶ್ವತ್ಥದ ಸ್ಮಾರಕ ಹಾಕೋಣ ಎಂದು ಮೇಷ್ಟ್ರು ಬಹಳ ಒತ್ತಾಯ ಮಾಡಿದರು. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಅಲ್ಲಿ ಗೋಲಿಬಾರ್ ಆಗಿತ್ತು, ನಮ್ಮ ಜಿಲ್ಲೆಗೆ ಅದಕ್ಕಿಂತ ದೊಡ್ಡ ನೆನಪಿಲ್ಲ. ಆದರೂ ಬೇಡ ಅಂದೆ. ಸ್ಮಾರಕ ಅಂದ ಕೂಡಲೇ ಗುಂಡು ಹೊಡೆದವರೊಬ್ಬರು, ಸತ್ತವರೊಬ್ಬರು. ನಡುವೆ ನಿಲ್ಲುವವರ ಗುರುತಿನಲ್ಲಿ ಆ ಎರಡು ಪಾಳೆಯ ಇರಬಾರದು. ಮೇಷ್ಟ್ರು ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ.

ದಾರಿ ಸಿಕ್ಕಿದ್ದು ಗೂಡಿನ ಮಾರುಕಟ್ಟೆಯಲ್ಲಿ. ಹರಾಜಿಗೆ ಗೂಡು ತರುವ ರೈತರಲ್ಲಿ ಹೆಚ್ಚಿನವರು ಒಂದು ಧರ್ಮದವರು, ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಹೆಚ್ಚಿನವರು ಇನ್ನೊಂದು ಧರ್ಮದವರು. ಬೀದಿಯಲ್ಲಿ ಏನೇ ಆಗಲಿ, ಬೆಳಗಾದರೆ ಇವರು ತರಬೇಕು, ಅವರು ಕೊಳ್ಳಬೇಕು. ಗೂಡನ್ನೇ ಗುರುತು ಮಾಡೋಣ ಎಂದು ಎಲ್ಲರೂ ಒಪ್ಪಿದೆವು. ಆಗ ಮೊಮ್ಮಗಳು ಕೇಳಿದಳು, "ತಾತ, ಒಳಗಿರೋ ಹುಳಾನ ಸಾಯಿಸಿಯೇ ಅಲ್ವಾ ನೂಲು ತೆಗೆಯೋದು? ಶಾಂತಿಗೆ ಅದನ್ನ ಹೆಂಗೆ ಗುರುತು ಮಾಡ್ತೀರಿ?" ರೀಲರ್ ಭಾಯ್ ಸುಮ್ಮನೆ ಟೀ ಲೋಟ ತಿರುಗಿಸುತ್ತಾ ಕೂತರು. ಆ ಮಾತಿಗೆ ನನ್ನ ಹತ್ತಿರ ಈಗಲೂ ಪೂರ್ತಿ ಉತ್ತರವಿಲ್ಲ.

ಗೂಡು ಬಿಟ್ಟು ಚಂದ್ರಿಕೆಗೆ ಬಂದೆವು. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟಿ, ಅದರ ಮೇಲೆ ಸುರುಳಿಯಾಗಿ ನಿಲ್ಲಿಸಿದ ಬಿದಿರಿನ ಪಟ್ಟಿ. ಹಣ್ಣಾದ ಹುಳು ಆ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಅಲ್ಲಿ ಅದು ಇನ್ನೂ ಬದುಕಿದೆ. ಸುರುಳಿ ಬರೆಯಲು ಸುಲಭ, ಯಾವ ಜಾತಿಗೂ ಸೇರದ್ದು.

ಮೊದಲ ಕರಡನ್ನು ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನಕ್ಕೆ ತೋರಿಸಿದೆ. ಏಳು ಜನ "ಸೊಳ್ಳೆ ಬತ್ತಿ" ಅಂದರು.

ನಗು ಬಂದರೂ ಅದೇ ಉಪಯೋಗಕ್ಕೆ ಬಂತು. ದುಂಡಗೆ ಬರೆದದ್ದೇ ತಪ್ಪು, ಚಂದ್ರಿಕೆ ದುಂಡಗಿಲ್ಲವಲ್ಲ. ಉದ್ದುದ್ದ ಮಾಡಿದೆ, ಒಂದು ಪಟ್ಟಿಯ ಬದಲು ಎರಡು ಪಟ್ಟಿ ಎದುರುಬದುರಿನಿಂದ ಹೊರಟು ಒಟ್ಟಿಗೆ ಒಳಗೆ ಸುತ್ತುವಂತೆ ಮಾಡಿದೆ. ಜಾಣತನ ತೋರಿಸಲು ಹೋಗಿ ಒಂದಕ್ಕೆ ಕೇಸರಿ, ಒಂದಕ್ಕೆ ಹಸಿರು ಕೊಟ್ಟೆ. ರೀಲರ್ ಭಾಯ್ ನೋಡಿ, "ಕಷ್ಟಪಟ್ಟು ಸೇರಿಸಿ ಮತ್ತೆ ಬಣ್ಣ ಹಾಕಿ ಬೇರೆ ಮಾಡಿದ್ರಲ್ಲ ಅಣ್ಣ" ಅಂದರು. ಎರಡಕ್ಕೂ ಹಿಪ್ಪುನೇರಳೆ ಬಣ್ಣವೇ ಹಾಕಿದೆ.

ನೀವು ತೋರಿಸುವಾಗ "ಚೆನ್ನಾಗಿದೆಯಾ?" ಎಂದು ಕೇಳಬೇಡಿ, ಮುಖ ನೋಡಿ ಚೆನ್ನಾಗಿದೆ ಅಂತಾರೆ. "ಇದೇನು?" ಎಂದು ಕೇಳಿ. ಎರಡೂ ಬೀದಿಯಲ್ಲಿ ಕೇಳಿ, ಬೇರೆ ಬೇರೆ ದಿನ.

ಅಕ್ಷರ

ಟ್ರಸ್ಟುಗಳ ಬೋರ್ಡಿನಲ್ಲೂ ಶೇಕಡ 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ, ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಕನ್ನಡ ಮೇಲೆ ದೊಡ್ಡದಾಗಿ, ತೆಲುಗು ಮತ್ತು ಉರ್ದು ಕೆಳಗೆ ಒಂದೇ ಅಳತೆಯಲ್ಲಿ. ಕನ್ನಡಕ್ಕೂ ತೆಲುಗಿಗೂ ಒಂದೇ ಕೈಯ ಫಾಂಟ್ ಬೇಕಾದರೆ 'ಅನೇಕ್' ಇದೆ, ಉಚಿತ. ಒತ್ತಕ್ಷರ ಕೆಳಗಿಳಿಯುತ್ತದೆ, ಸಾಲಿನ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ.

ಉರ್ದುವನ್ನು ಓರೆಯಾಗಿ ಇಳಿಯುವ ನಸ್ತಾಲೀಕ್ ಬರಹದಲ್ಲೇ ಹಾಕಿ, 'ನೋಟೋ ನಸ್ತಾಲೀಕ್' ಉಚಿತವಾಗಿ ಸಿಗುತ್ತದೆ. ಅರಬ್ಬಿಯ ನಸ್ಖ್ ಬರಹದಲ್ಲಿ ಹಾಕಿದರೆ ಓದಲು ಬಾರದವರ ಕಣ್ಣಿಗೆ ಅದು ಬೀದಿಯ ಮಾತಿನಂತೆ ಕಾಣದೆ ಧರ್ಮಗ್ರಂಥದಂತೆ ಕಾಣುತ್ತದೆ. ನನ್ನ ಹಳೇ ಕೋರಲ್ ಡ್ರಾದಲ್ಲಿ ಉರ್ದು ಅಂಟಿಸಿದಾಗ ಅಕ್ಷರಗಳು ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಕೂತುಬಿಟ್ಟಿದ್ದವು. ನನಗೆ ಓದಲು ಬರುವುದಿಲ್ಲ, ಗೊತ್ತಾಗಲಿಲ್ಲ. ಐನೂರು ಕರಪತ್ರ ಹಾಗೇ ಅಚ್ಚಾಯಿತು. ದುಡ್ಡು ನಾನೇ ಹಾಕಿಕೊಂಡು ಮತ್ತೆ ಅಚ್ಚು ಹಾಕಿಸಿದೆ. ಪ್ರೂಫನ್ನು ಆ ಭಾಷೆ ಓದುವವರ ಸಹಿ ಇಲ್ಲದೆ ಪ್ರೆಸ್ಸಿಗೆ ಕಳಿಸಬೇಡಿ.

ಒಕ್ಕಣೆಯ ವಿಷಯದಲ್ಲಿ ಅಕ್ಕ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ನಮ್ಮ ಬೀದೀನ ಗಲಭೆ ಪೀಡಿತ ಪ್ರದೇಶ ಅಂತ ಹಾಕ್ಬೇಡಿ, ಅಲ್ಲಿ ನಾವು ಸಂಸಾರ ಮಾಡ್ತಿದೀವಿ." ಬೀದಿಯ ಹೆಸರು ಬರೆದರೆ ಸಾಕು.

ಕಾನೂನಿನ ನಾಲ್ಕು ಮಾತು

ಕೆಂಪು ಶಿಲುಬೆ ಮುಟ್ಟಬೇಡಿ, 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅದನ್ನು ಕಾಯುತ್ತದೆ. ವಿಶ್ವಸಂಸ್ಥೆಯ ಲಾಂಛನ, ಮಹಾತ್ಮ ಗಾಂಧಿಯ ಹೆಸರು ಮತ್ತು ಚಿತ್ರ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ಪಟ್ಟಿಯಲ್ಲಿವೆ. ಗುರುತನ್ನು ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ಆನ್‌ಲೈನಿನಲ್ಲಿ ಟ್ರಸ್ಟಿಗೆ ಒಂದು ವರ್ಗಕ್ಕೆ ₹9,000, ಹತ್ತು ವರ್ಷ ನಡೆಯುತ್ತದೆ. ಇವರು ಮಾಡಿಸಲಿಲ್ಲ, ಆ ದುಡ್ಡಿನಲ್ಲಿ ಮೈಕ್ ಸೆಟ್ ತೆಗೆದುಕೊಂಡರು, ಸರಿಯೇ ಅನ್ನಿಸಿತು. ಆದರೆ ಬರೆದುಕೊಟ್ಟ ಕಲಾವಿದನಿಂದ, ಚಿತ್ರದ ಹಕ್ಕನ್ನು ಟ್ರಸ್ಟಿಗೆ ಬಿಟ್ಟುಕೊಟ್ಟಿದ್ದೇನೆ ಎಂದು ಲಿಖಿತದಲ್ಲಿ ತೆಗೆದುಕೊಳ್ಳಿ. ನಾನೂ ಕೊಟ್ಟಿದ್ದೇನೆ.

ಚಿಕ್ಕದರಿಂದ ಶುರು

ಎಲ್ಲರೂ ದೊಡ್ಡ ಬ್ಯಾನರಿನಿಂದ ಶುರು ಮಾಡುತ್ತಾರೆ. ನೀವು ರಬ್ಬರ್ ಸ್ಟ್ಯಾಂಪಿನಿಂದ ಮಾಡಿ. ಒಂದಿಂಚಿನಲ್ಲಿ, ಒಂದೇ ಬಣ್ಣದಲ್ಲಿ, ಇಂಕು ಜಾಸ್ತಿಯಾದಾಗಲೂ ಗುರುತು ತಿಳಿಯಬೇಕು. ರಸೀದಿಯನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿ ನೋಡಿ. ವಾಟ್ಸಾಪ್ ಡಿಪಿಯ ದುಂಡು ಚೌಕಟ್ಟಿನಲ್ಲಿ ಮೂಲೆ ಕತ್ತರಿಸಿ ಹೋಗುತ್ತದೆಯೇ ನೋಡಿ. ನಮ್ಮ ಚಂದ್ರಿಕೆಗೆ ಒಳಗಿನ ಎರಡು ಸುತ್ತು ತೆಗೆಯಬೇಕಾಯಿತು, ತೆಗೆದ ಮೇಲೆ ದೊಡ್ಡ ಗೋಡೆಯಲ್ಲೂ ಮುಂಚೆಗಿಂತ ಚೆನ್ನಾಗಿ ಕಂಡಿತು.

ಆಮೇಲೆ ಮೈಮೇಲೆ ಹಾಕುವ ಜಾಕೆಟ್ಟು. ಗಲಾಟೆಯ ದಿನ ಓದುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ, ಬೆನ್ನ ಮೇಲೆ ಅಕ್ಷರ ಬೇಡ, ಚಿತ್ರ ಒಂದೇ ಸಾಕು.

ಫೈಲುಗಳನ್ನು ಎರಡು ಕಡೆಯ ಇಬ್ಬರಿಗೆ ಕೊಟ್ಟಿದ್ದೇನೆ, ಮೇಷ್ಟ್ರ ಮೊಮ್ಮಗಳ ಹತ್ತಿರ ಒಂದು ಪೆನ್ ಡ್ರೈವ್, ರೀಲರ್ ಭಾಯ್ ಮಗನ ಹತ್ತಿರ ಒಂದು. ಉಳಿದ ಬಣ್ಣದ ಡಬ್ಬಿ ನನ್ನ ಅಂಗಡಿಯ ಅಟ್ಟದ ಮೇಲಿದೆ, ಕಲಸಿದ ಲೆಕ್ಕವನ್ನು ಮುಚ್ಚಳದ ಮೇಲೆ ಬರೆದು ಅಂಟಿಸಿದ್ದೇನೆ. ಹೋದ ತಿಂಗಳು ತೆಗೆದು ನೋಡಿದೆ, ಮೇಲೆ ಕೆನೆ ಕಟ್ಟಿತ್ತು. ಕೆನೆ ತೆಗೆದೆಸೆದು ಸ್ವಲ್ಪ ಟರ್ಪಂಟೈನ್ ಹಾಕಿ ಕದಡಿದೆ. ಇನ್ನೂ ಎರಡು ಗೋಡೆಗೆ ಆಗುತ್ತದೆ.