ಬಿಲ್ ಪಾವತಿ ವಿಭಾಗ: ತಾಳೆ, ಅನುಮೋದನೆ, ಗಡುವು

ಸರಬರಾಜುದಾರರ ಬಿಲ್ಲು ಕೈಸೇರಿದ ದಿನವೇ ಇನ್‌ವರ್ಡ್ ಸಂಖ್ಯೆ ಹಾಗೂ ದಿನಾಂಕದ ಮೊಹರು ಹಾಕಿ, ಅದನ್ನು ಖರೀದಿ ಆದೇಶದೊಂದಿಗೆ ಮತ್ತು ಉಗ್ರಾಣದವರು ಸಹಿ ಮಾಡಿದ ಸರಕು ಸ್ವೀಕೃತಿ ಚೀಟಿಯೊಂದಿಗೆ ತಾಳೆ ನೋಡಬೇಕು. ಆದೇಶ 500 ಬೋಲ್ಟ್‌ಗಳಿಗಿದ್ದು, ಬಂದದ್ದು 480 ಆಗಿದ್ದರೂ ಬಿಲ್ಲು 500ಕ್ಕೇ ಇದ್ದರೆ, ಕಡಿಮೆ ಬಿದ್ದ 20ಕ್ಕೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ತಗ್ಗಿಸಿ ಸರಬರಾಜುದಾರರು ಕೊಡುವ ಪತ್ರ) ಪಡೆಯದೆ ಪೂರ್ತಿ ಹಣ ಬಿಡುಗಡೆ ಮಾಡಬಾರದು. ಬಿಲ್ಲು ಜಿಎಸ್‌ಟಿಆರ್-2ಬಿಯಲ್ಲಿ (ಖರೀದಿಯ ಮೇಲೆ ಸಿಗುವ ತೆರಿಗೆ ಜಮೆಯನ್ನು ತೋರಿಸುವ ಜಿಎಸ್‌ಟಿ ಜಾಲತಾಣದ ಮಾಸಿಕ ಪಟ್ಟಿ) ಕಾಣಿಸಿಕೊಂಡಿದೆಯೇ ಎಂಬುದನ್ನೂ ಪರಿಶೀಲಿಸಬೇಕು.

ಹೆಚ್ಚು ಎಚ್ಚರ ಬೇಕಾದದ್ದು ಸರಬರಾಜುದಾರರ ಬ್ಯಾಂಕ್ ವಿವರದಲ್ಲಿ. ‘ನಮ್ಮ ಖಾತೆ ಬದಲಾಗಿದೆ’ ಎಂಬ ಇಮೇಲ್ ಬಂದಾಗ, ಅದರಲ್ಲಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡದೆ, ಕಡತದಲ್ಲಿ ಮೊದಲಿನಿಂದಲೂ ಇರುವ ಸಂಖ್ಯೆಗೇ ಕರೆ ಮಾಡಿ ಖಚಿತಪಡಿಸಿಕೊಂಡು, ರದ್ದುಪಡಿಸಿದ ಚೆಕ್ಕನ್ನು ತರಿಸಿಕೊಂಡ ಬಳಿಕವೇ ತಿದ್ದುಪಡಿ ಮಾಡಬೇಕು. ವಿವರ ತಿದ್ದುವವರು, ಬಿಲ್ಲು ದಾಖಲಿಸುವವರು, ಪಾವತಿಗೆ ಅನುಮೋದನೆ ನೀಡುವವರು ಬೇರೆ ಬೇರೆಯಾಗಿರಬೇಕು. ಮಾಲೀಕರ ಕಡೆಯವರೆಂಬ ಕಾರಣಕ್ಕೆ ವಿನಾಯಿತಿ ಸಲ್ಲದು.

ಉದ್ಯಮ್ ನೋಂದಣಿಯಿರುವ (ಇಂಥ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ನೀಡುವ ನೋಂದಣಿ) ಕಿರು ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು ಪ್ರತ್ಯೇಕವಾಗಿ ಗುರುತಿಸಿಡಬೇಕು. 2006ರ ಎಂಎಸ್‌ಎಂಇಡಿ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯಂತೆ ಲಿಖಿತ ಒಪ್ಪಂದವಿದ್ದರೂ ಸರಕು ಒಪ್ಪಿಕೊಂಡ 45 ದಿನಗಳೊಳಗೆ, ಇಲ್ಲದಿದ್ದರೆ 15 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ.