ಹತ್ತಿ ಹೊಲದಿಂದ ಬಂದ ಮೇಲೆ ಪಾಠ

ಶಹಾಪುರ ತಾಲ್ಲೂಕಿನ ನಮ್ಮ ಊರಲ್ಲಿ ದಸರಾ ಮುಗಿಯಿತು ಅಂದರೆ ಶಾಲೆ ಅರ್ಧ ಖಾಲಿ. ಹತ್ತಿ ಬಿಡಿಸುವ ಕಾಲ ಶುರುವಾಗಿರುತ್ತದೆ. ಬೆಳಿಗ್ಗೆ ಏಳಕ್ಕೆ ಟಂಟಂ ಆಟೋ ಬಂದು ಕೇರಿಯ ಮುಂದೆ ನಿಲ್ಲುತ್ತದೆ. ತಾಯಂದಿರು ಬುತ್ತಿ ಕಟ್ಟಿಕೊಂಡು ಹತ್ತುತ್ತಾರೆ. ಅವರ ಹಿಂದೆ ಮಕ್ಕಳೂ ಹತ್ತುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಮಗು ಹತ್ತು ಕಿಲೋ ಬಿಡಿಸಿದರೂ ಮನೆಗೆ ಅಷ್ಟು ದುಡ್ಡು ಬಂತು ಅಲ್ವಾ? ಜನವರಿವರೆಗೆ ಇದೇ ಕಥೆ. ಅಷ್ಟರಲ್ಲಿ ಮೂರನೇ ತರಗತಿಯ ಮಗು ಒತ್ತಕ್ಷರ ಮರೆತಿರುತ್ತದೆ. ನಾಲ್ಕಕ್ಕೆ ಬಂದಾಗ ನಾಚಿಕೆಯಿಂದ ಹಿಂದೆ ಹೋಗಿ ಕೂರುತ್ತದೆ. ಐದಕ್ಕೆ ಶಾಲೆಯನ್ನೇ ಬಿಡುತ್ತದೆ.

ಈ ಊರಿಗೆ ನಾನು ಬಂದದ್ದು ಮದುವೆಯಾದ ಮೇಲೆ. ನಮ್ಮ ಯಜಮಾನರು ಇಲ್ಲಿ ಪಾಸ್ಟರ್. ನಾನು ಡಿ.ಎಡ್. ಮುಗಿಸಿದವಳು. ಮಕ್ಕಳು ನನ್ನನ್ನು ಅಕ್ಕೋರು ಅನ್ನುತ್ತಾರೆ, ದೊಡ್ಡವರೂ ಹಾಗೇ ಕರೆಯುತ್ತಾರೆ. ಒಂಬತ್ತು ವರ್ಷದಿಂದ ಚರ್ಚಿನ ಪಕ್ಕದ ಕೋಣೆಯಲ್ಲಿ ಸಂಜೆ ಪಾಠ ನಡೆಸುತ್ತಿದ್ದೇನೆ. ಬೇರೆ ಊರುಗಳಲ್ಲಿ ಇದನ್ನೇ ಶುರು ಮಾಡಬೇಕು ಅನ್ನುವವರು ಆಗಾಗ ಕೇಳುತ್ತಾರೆ. ಅವರಿಗಾಗಿ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ. ತಪ್ಪಿದ್ದನ್ನೂ ಬರೆಯುತ್ತೇನೆ.

ಸಂಜೆ ಪಾಠ ನಮ್ಮ ಮನೆತನಕ್ಕೆ ಹೊಸದಲ್ಲ. ನನ್ನ ಮುತ್ತ್ಯಾ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯವರು. ಹಗಲೆಲ್ಲ ಗೌಡರ ಹೊಲದಲ್ಲಿ ಜೀತ. ರಾತ್ರಿ ಕಂದೀಲಿನ ಬೆಳಕಿನಲ್ಲಿ ಮಿಷನ್ನಿನ ಗುರುಗಳ ಹತ್ತಿರ ಅಕ್ಷರ. ಆಗ ನಿಜಾಮರ ಆಡಳಿತ, ಕಚೇರಿ ಕೆಲಸ ಎಲ್ಲ ಉರ್ದುವಿನಲ್ಲಿ. ಕೇರಿಯ ಹುಡುಗನಿಗೆ ಊರ ಶಾಲೆಯ ಕಟ್ಟೆ ಹತ್ತುವುದೇ ಕಷ್ಟ. ಅಂಥ ಕಾಲದಲ್ಲಿ ಮುತ್ತ್ಯಾ ಓದಲು ಕಲಿತದ್ದು ಕನ್ನಡ, ಅದೂ ಸತ್ಯವೇದದಿಂದ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲನ್ನು 1831ರ ಹೊತ್ತಿಗೇ ಪೂರ್ತಿ ಮಾಡಿದ್ದರು. ಅದು ಕೈ ದಾಟಿ, ಭಾಷೆ ತಿದ್ದಿಸಿಕೊಂಡು, ಎಷ್ಟೋ ವರ್ಷದ ಮೇಲೆ ನಮ್ಮ ಕೇರಿಯ ಗುಡಿಸಲಿಗೆ ಬಂತು. ಮುತ್ತ್ಯಾ ಓದುವಾಗ ಬೆರಳನ್ನು ಸಾಲಿನ ಕೆಳಗೆ ಎಳೆಯುತ್ತಿದ್ದರು. ಕೊನೆಯವರೆಗೂ ಹಾಗೇ ಓದಿದರು. ಆ ಬೆರಳು ನೋಡಿಯೇ ನನಗೆ ಟೀಚರ್ ಆಗಬೇಕು ಅನ್ನಿಸಿದ್ದು.

ಆದ್ದರಿಂದ ನಾನೂ ಸತ್ಯವೇದದಿಂದಲೇ ಶುರು ಮಾಡಿದೆ. ಅದು ಮೊದಲನೇ ತಪ್ಪು. ಅದರ ಕನ್ನಡ ಹಳೆಯದು. ಹೊಲದಿಂದ ದಣಿದು ಬಂದ ಎಂಟು ವರ್ಷದ ಹುಡುಗಿಗೆ ಆ ವಾಕ್ಯಗಳು ಕಲ್ಲಿನ ಹಾಗೆ. ಅದಕ್ಕಿಂತ ದೊಡ್ಡ ತಪ್ಪು, ಪಾಠಕ್ಕೆ ಮುಂಚೆ ಪ್ರಾರ್ಥನೆ ಇಟ್ಟಿದ್ದು. ನನಗೆ ಅದು ಸಹಜ. ಊಟಕ್ಕೆ ಮುಂಚೆ ಮಾಡುತ್ತೇನೆ, ಪಾಠಕ್ಕೆ ಮುಂಚೆ ಯಾಕೆ ಬೇಡ ಅಂತ. ಮೊದಲ ವಾರ ಮೂವತ್ತರ ಹತ್ತಿರ ಮಕ್ಕಳು ಬಂದರು. ತಾಂಡಾದಿಂದ ಲಂಬಾಣಿ ಮಕ್ಕಳು, ಕುರುಬರ ಓಣಿಯ ಇಬ್ಬರು, ಮುಸ್ಲಿಂ ಮನೆಯ ಒಬ್ಬ ಹುಡುಗ. ತಿಂಗಳಲ್ಲಿ ಉಳಿದದ್ದು ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿಗೆ ಬರುವ ಮನೆಗಳ, ಹನ್ನೊಂದು ಮಕ್ಕಳು.

ಒಂದು ದಿನ ತಾಂಡಾದ ಹಿರಿಯರೊಬ್ಬರು ಮನೆಗೇ ಬಂದರು. ಸಿಟ್ಟಿನಿಂದ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು, “ಅಕ್ಕೋರೆ, ನೀವು ಅಕ್ಷರ ಕಲಿಸಾಕತ್ತೀರೋ, ದೇವರನ್ನ ಕಲಿಸಾಕತ್ತೀರೋ, ಒಂದು ಹೇಳ್ರಿ. ಎರಡೂ ಅಂದ್ರ ನಮ್ಮ ಹುಡುಗ್ರು ಬರಂಗಿಲ್ಲರಿ” ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಕ್ಕಳಿಗೆ ಅಡ್ಡಿ ಮಾಡಬೇಡಿ, ನನ್ನ ಹತ್ತಿರ ಬರಲಿ ಅಂತ ಯೇಸುಸ್ವಾಮಿ ಹೇಳಿದ ಮಾತು ನಮ್ಮ ಚರ್ಚಿನ ಗೋಡೆಯ ಮೇಲೇ ಬರೆದಿದೆ. ಅಡ್ಡ ನಿಂತವಳು ನಾನೇ.

ಮರುದಿನದಿಂದ ಬೇರೆ ಮಾಡಿದೆ. ಪ್ರಾರ್ಥನೆ, ಹಾಡು, ಸಂಡೇಸ್ಕೂಲು ಎಲ್ಲ ಭಾನುವಾರ ಚರ್ಚಿನ ಒಳಗೆ, ನಮ್ಮ ಸಭೆಯ ಮಕ್ಕಳಿಗೆ. ಸಂಜೆ ಪಾಠದಲ್ಲಿ ಬರೀ ಓದು, ಬರಹ, ಲೆಕ್ಕ. ಬೋರ್ಡನ್ನು ಕೋಣೆಯಿಂದ ಹೊರಗೆ ತಂದು ಓಣಿಯ ತಿರುವಿನ ಬೇವಿನ ಮರಕ್ಕೆ ಒರಗಿಸಿದೆ. ಮಳೆ ಬಂದರೆ ಮಾತ್ರ ಕೋಣೆ. ಅಲ್ಲಿ ಯಾರು ಬೇಕಾದರೂ ನಿಂತು ಏನು ಕಲಿಸುತ್ತಿದ್ದೇನೆ ಅಂತ ನೋಡಬಹುದು. ಮೊದಲ ಹದಿನೈದು ದಿನ ಆ ಹಿರಿಯರು ದಿನಾ ಬಂದು ಕಟ್ಟೆಯ ಮೇಲೆ ಕೂತು ನೋಡಿದರು. ಆಮೇಲೆ ಮೊಮ್ಮಗಳನ್ನು ಕಳಿಸಿದರು. ನಮ್ಮ ಸಭೆಯ ಕೆಲವರಿಗೆ ಇದು ಹಿಡಿಸಲಿಲ್ಲ. ದೇವರ ಹೆಸರಿಲ್ಲದೆ ಇದೆಂಥ ಸೇವೆ ಅಂದರು. ನನಗೆ ಮಾತ್ರ ಇದೂ ಸೇವೆಯೇ. ಅಕ್ಷರ ಕೊಡುತ್ತೇನೆ ಅಂತ ಕರೆದು ಬೇರೆ ಏನನ್ನೋ ಕೊಟ್ಟರೆ ಅದು ಮಗುವಿಗೆ ಮಾಡುವ ಮೋಸ. ಈ ವಿಷಯದಲ್ಲಿ ನಾನು ಇವತ್ತಿಗೂ ಗಟ್ಟಿ.

ಇನ್ನು ಸಮಯದ ವಿಷಯ. ಮೊದಲು ಸಂಜೆ ಐದಕ್ಕೆ ಅಂತ ಇಟ್ಟಿದ್ದೆ. ಹತ್ತಿ ಕಾಲದಲ್ಲಿ ಟಂಟಂ ವಾಪಸ್ ಬರುವುದೇ ಆರೂವರೆಗೆ. ಹಾಗಾಗಿ ಅಕ್ಟೋಬರಿನಿಂದ ಜನವರಿವರೆಗೆ ಏಳೂವರೆಯಿಂದ ಒಂಬತ್ತು, ಉಳಿದ ತಿಂಗಳು ಆರರಿಂದ ಏಳೂವರೆ. ಎಳ್ಳಮಾವಾಸ್ಯೆಗೆ ಪಾಠ ಇಲ್ಲ. ಆ ದಿನ ಊರಿಗೆ ಊರೇ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಚೆಲ್ಲಲು, ಹೊಲಕ್ಕೆ ಹೋಗುತ್ತದೆ. ನಮ್ಮನ್ನೂ ಕರೆಯುತ್ತಾರೆ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ ಉಣ್ಣದೆ ಬಿಡುವುದಿಲ್ಲ. ಅದೇ ಸುಮಾರಿಗೆ ಕ್ರಿಸ್ಮಸ್ ಇರುತ್ತದೆ, ಆಗ ಅವರು ನಮ್ಮ ಮನೆಗೆ.

ಮಕ್ಕಳು ಬಂದರೂ ಹತ್ತು ನಿಮಿಷಕ್ಕೆ ತೂಕಡಿಸುತ್ತಿದ್ದರು. ನಾನು ಮೊದಲು ಬೈಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಮಧ್ಯಾಹ್ನದ ರೊಟ್ಟಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ ಅಂತ. ಈಗ ಪಾಠಕ್ಕೆ ಮುಂಚೆ ಒಂದು ಹಿಡಿ ಚುರುಮುರಿ, ಪುಟಾಣಿ, ಚೂರು ಬೆಲ್ಲ. ಖರ್ಚು ದೊಡ್ಡದಲ್ಲ. ಸಭೆಯ ಒಂದೊಂದು ಮನೆಯವರು ಒಂದೊಂದು ವಾರ ನೋಡಿಕೊಳ್ಳುತ್ತಾರೆ. ಈ ಪದ್ಧತಿ ಬರುವ ಮುಂಚೆ ಹೊರಗಿನ ಒಬ್ಬ ದಾನಿ ಹಣ ಕಳಿಸುತ್ತಿದ್ದರು. ಎರಡು ವರ್ಷ ಕಳಿಸಿ, ಒಂದು ಮಾತೂ ಹೇಳದೆ ನಿಲ್ಲಿಸಿದರು. ಆ ತಿಂಗಳು ಬಹಳ ಕಷ್ಟವಾಯಿತು. ಅವತ್ತಿನಿಂದ ಊರಿನ ಕೈಯಿಂದ ನಡೆಯದ ಯಾವುದನ್ನೂ ಶುರು ಮಾಡುವುದಿಲ್ಲ ಅಂತ ತೀರ್ಮಾನ ಮಾಡಿದೆವು.

ಓದು ಕಲಿಸುವ ರೀತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಅ, ಆ, ಇ, ಈ ಅಂತ ವರ್ಣಮಾಲೆ ಪೂರ್ತಿ ಬಾಯಿಪಾಠ ಮಾಡಿಸಿದರೆ ತಿಂಗಳುಗಟ್ಟಲೆ ಹೋಗುತ್ತದೆ, ಮಗುವಿಗೆ ಒಂದು ಪದವೂ ಓದಲು ಬರುವುದಿಲ್ಲ. ನಮ್ಮ ಸರ್ಕಾರಿ ಶಾಲೆಯಲ್ಲಿ ಇರುವ ‘ರ ಗ ಸ ದ ಅ’ ಕ್ರಮವನ್ನೇ ನಾನೂ ಹಿಡಿದೆ. ಐದೇ ಅಕ್ಷರ. ಆದರೆ ಅಷ್ಟರಲ್ಲೇ ಸರ, ದರ, ಅಗಸ, ಅರಸ ಎಲ್ಲ ಬರುತ್ತದೆ. ಮೂರನೇ ದಿನಕ್ಕೆ ಮಗು ತಾನೇ ಒಂದು ಪದ ಓದಿಬಿಡುತ್ತದೆ. ಆ ಮುಖ ನೋಡಬೇಕು. ಜೊತೆಗೆ ಪ್ರತಿ ಮಗುವಿಗೆ ಮೊದಲ ದಿನವೇ ಪಾಟಿಯ ಮೇಲೆ ಅದರ ಹೆಸರು ಬರೆದುಕೊಡುತ್ತೇನೆ. ಮರೆಪ್ಪ, ಭೀಮವ್ವ, ಯಲ್ಲಪ್ಪ. ನೋಡಿ, ಈ ಮೂರರಲ್ಲೂ ಒತ್ತಕ್ಷರ ಇದೆ. ನಮ್ಮ ಕಡೆಯ ಹೆಸರುಗಳೇ ಹಾಗೆ. ತನ್ನ ಹೆಸರಿನ ಒತ್ತನ್ನು ಮಗು ಯಾವತ್ತೂ ಮರೆಯುವುದಿಲ್ಲ. ಮರೆಪ್ಪನಿಗೆ ‘ಪ್ಪ’ ಬಂದರೆ ಅಪ್ಪ, ಉಪ್ಪು, ತುಪ್ಪ, ಹಪ್ಪಳ ತಾನಾಗಿ ಬರುತ್ತವೆ.

ಅಕ್ಷರ ಬಂದ ಮೇಲೆ ಇನ್ನೊಂದು ಗೋಡೆ ಇದೆ. ಮನೆಯಲ್ಲಿ ಮಗು ‘ಅವ ಹೋಗ್ಯಾನ’ ಅನ್ನುತ್ತದೆ. ಪುಸ್ತಕದಲ್ಲಿ ‘ಅವನು ಹೋಗಿದ್ದಾನೆ’. ತಾಂಡಾದ ಮಗುವಿಗಂತೂ ಮನೆಯ ಮಾತೇ ಬೇರೆ. ನಿನ್ನ ಮಾತು ತಪ್ಪು ಅಂತ ಒಮ್ಮೆ ಹೇಳಿದರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಕ್ಕೆ ಬೋರ್ಡಿನ ಮಧ್ಯೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ಮನೆ ಮಾತು, ಬಲಕ್ಕೆ ಪುಸ್ತಕದ ಮಾತು. ಮಕ್ಕಳು ಇವತ್ತು ಹೊಲದಲ್ಲಿ ಏನಾಯಿತು ಅಂತ ಹೇಳುತ್ತಾರೆ, ನಾನು ಅದನ್ನು ಎಡಕ್ಕೆ ಹಾಗೇ ಬರೆಯುತ್ತೇನೆ. ಆಮೇಲೆ ಎಲ್ಲರೂ ಸೇರಿ ಬಲಕ್ಕೆ ದಾಟಿಸುತ್ತೇವೆ. ಹಾವು ಕಂಡಿದ್ದು, ತೂಕದಲ್ಲಿ ಜಗಳ ಆಗಿದ್ದು, ಬುತ್ತಿಯನ್ನು ನಾಯಿ ತಿಂದಿದ್ದು, ಇವೇ ನಮ್ಮ ಪಾಠಗಳು. ಓದಲು ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಹಳೆಯ ಪೇಪರ್ ಬಳಸುತ್ತೇನೆ. ಜಾಬ್ ಕಾರ್ಡು ಓದುವುದನ್ನು ನೋಡಿ ಕೆಲವು ತಾಯಂದಿರೂ ಬಂದು ಕೂತರು. ಒಬ್ಬ ಆಯಿಗೆ ಬೇರೇನೂ ಬೇಡ, ಭಾನುವಾರ ಹಾಡಿನ ಪುಸ್ತಕ ತಾನೇ ಓದಬೇಕು ಅಂತ ಆಸೆ. ಭಾನುವಾರ ಮಧ್ಯಾಹ್ನ ಅವರಿಗೆ ಬೇರೆ ಕೂರಿಸಿ ಕಲಿಸುತ್ತೇನೆ.

ನಮ್ಮ ಸಂಜೆ ಪಾಠ ಶಾಲೆ ಅಲ್ಲ. ಇದನ್ನು ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ. ಮಗುವಿನ ಹೆಸರು ಇರಬೇಕಾದ್ದು ಸರ್ಕಾರಿ ಶಾಲೆಯ ಹಾಜರಿಯಲ್ಲಿ. ನಮ್ಮ ಯಾದಗಿರಿ ಜಿಲ್ಲೆ 2011ರ ಜನಗಣತಿಯಲ್ಲಿ ಶೇ. 52ರಷ್ಟು ಸಾಕ್ಷರತೆಯೊಂದಿಗೆ ರಾಜ್ಯದಲ್ಲೇ ಕೊನೆಗಿತ್ತು. ಒಂದು ಚರ್ಚಿನ ಕೋಣೆಯಿಂದ ಅದು ಸರಿಯಾಗುವುದಿಲ್ಲ. ಹಾಗಾಗಿ ಪ್ರತಿ ಶನಿವಾರ ಹೆಡ್‌ಮಾಸ್ತರರ ಹತ್ತಿರ ಹೋಗಿ ಆ ವಾರ ಯಾರು ಬಂದಿಲ್ಲ ಅಂತ ಪಟ್ಟಿ ತರುತ್ತೇನೆ. ಆ ಮನೆಗಳಿಗೆ ಹೋಗುವುದು ನನ್ನ ಕೆಲಸ. ‘ಯಾಕ ಕಳಿಸಿಲ್ಲ’ ಅಂತ ಕೇಳುವುದಿಲ್ಲ. ಕಾರಣ ನನಗೂ ಗೊತ್ತು, ಅವರಿಗೂ ಗೊತ್ತು. ವಾರಕ್ಕೆ ನಾಲ್ಕು ದಿನವಾದರೂ ಕಳಿಸಿ, ಎರಡು ದಿನದ ಪಾಠ ನಾನು ಸಂಜೆ ಹೇಳಿಕೊಡುತ್ತೇನೆ ಅನ್ನುತ್ತೇನೆ. ಪೂರ್ತಿ ನ್ಯಾಯ ಕೇಳಿ ಬಾಗಿಲು ಮುಚ್ಚಿಸಿಕೊಳ್ಳುವುದಕ್ಕಿಂತ ಇದು ಮೇಲು. 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಮೊಟ್ಟೆಯ ದಿನ ಹೊಲಕ್ಕೆ ಹೋಗಲ್ಲ ಅಂತ ಹಟ ಮಾಡಿದ ಮಕ್ಕಳು ನಮ್ಮ ಓಣಿಯಲ್ಲಿದ್ದಾರೆ.

ಟಂಟಂ ಓಡಿಸುವವನ ಹತ್ತಿರವೂ ಮಾತಾಡಿದೆ. ಅವನೂ ಇದೇ ಊರಿನವನು. “ತಮ್ಮಾ, ಸಣ್ಣ ಹುಡುಗ್ರನ್ನ ಹತ್ತಿಸಿಕೊಳ್ಳಬ್ಯಾಡಪ್ಪ” ಅಂದೆ. “ನಾ ಬಿಟ್ರ ಇನ್ನೊಬ್ಬ ಹತ್ತಿಸ್ಕೋತಾನ್ರಿ ಅಕ್ಕೋರೆ” ಅಂದ. ಎರಡು ವರ್ಷ ಹಾಗೇ ಹೋಯಿತು. ಅವನ ಮಗಳು ನಮ್ಮ ಮರದ ಕೆಳಗೆ ಕೂತ ಮೇಲೆ ಮಾತು ಸ್ವಲ್ಪ ತಗ್ಗಿತು. ಈಗ ಹತ್ತು ವರ್ಷದ ಒಳಗಿನವರನ್ನು ಹತ್ತಿಸುವುದಿಲ್ಲ. ನನಗೆ ಇದು ಸಾಲದು. ಹದಿನಾಲ್ಕರವರೆಗೆ ಓದು ಮಗುವಿನ ಹಕ್ಕು ಅಂತ ಕಾನೂನೇ ಇದೆ. ಈ ವರ್ಷ ಮತ್ತೆ ಕೇಳುತ್ತೇನೆ.

ನಮ್ಮ ಸಭೆಯ ತಂದೆತಾಯಿಗಳಿಗೆ ಇನ್ನೊಂದು ಭಯ ಇದೆ, ಅದನ್ನು ಹೇಳದೆ ಬಿಡಲಾರೆ. ಶಾಲೆಗೆ ಸೇರಿಸುವಾಗ ಜಾತಿ, ಧರ್ಮದ ಕಾಲಂ ಬರುತ್ತದೆ. ಕ್ರೈಸ್ತ ಅಂತ ಬರೆಸಿದರೆ ಪರಿಶಿಷ್ಟ ಜಾತಿಯ ಸೌಲಭ್ಯ ಸಿಗುವುದಿಲ್ಲ. 1950ರ ರಾಷ್ಟ್ರಪತಿ ಆದೇಶ ಹಾಗಿದೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಅದರೊಳಗೆ ಸೇರಿಸಿದರು, ಕ್ರೈಸ್ತರನ್ನು ಸೇರಿಸಿಲ್ಲ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಕರ್ನಾಟಕದಲ್ಲಿ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ-1ರಲ್ಲಿ ಬರುತ್ತಾರೆ. ಇದು ಗೊತ್ತಿಲ್ಲದೆ ಒಂದು ಶಾಲೆಯಲ್ಲಿ ನಮ್ಮ ಹುಡುಗಿಯೊಬ್ಬಳ ಅರ್ಜಿಯನ್ನು ಮೂರು ಸಲ ವಾಪಸ್ ಕಳಿಸಿದರು. ಅವಳ ತಂದೆ ಮೂರು ದಿನದ ಕೂಲಿ ಕಳೆದುಕೊಂಡರು. ನಾನು ಯಾರಿಗೂ ಇದನ್ನೇ ಬರೆಸಿ ಅಂತ ಹೇಳುವುದಿಲ್ಲ. ಯಾವುದಕ್ಕೆ ಯಾವ ಕಾಗದ ಬೇಕು, ಏನು ಸಿಗುತ್ತದೆ, ಏನು ಸಿಗುವುದಿಲ್ಲ ಅಂತ ಕೂತು ವಿವರಿಸುತ್ತೇನೆ. ಸುಳ್ಳು ಬರೆಸುವುದಕ್ಕೆ ಮಾತ್ರ ನಾನು ಜೊತೆ ಹೋಗುವುದಿಲ್ಲ. ನಂಬಿಕೆ ಬದಲಾದ ಮಾತ್ರಕ್ಕೆ ಕೇರಿ ಬದಲಾಗಲಿಲ್ಲ, ಬಾವಿ ಬದಲಾಗಲಿಲ್ಲ. ಸೌಲಭ್ಯ ಮಾತ್ರ ಬದಲಾಯಿತು. ಇದು ನನಗೆ ಇವತ್ತಿಗೂ ನೋವು.

ಹತ್ತಿ ಮುಗಿದ ಮೇಲೆ ಗುಳೆ. ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಎಷ್ಟೋ ಮನೆಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಹೈದರಾಬಾದ್. ಅಜ್ಜಿ ಮನೆಯಲ್ಲಿದ್ದರೆ ಮಗುವನ್ನು ಇಲ್ಲೇ ಬಿಡಿ ಅಂತ ಕೈಮುಗಿದು ಕೇಳುತ್ತೇನೆ. ಬಿಟ್ಟರೆ ಊಟದ ಹೊಣೆ ಸಭೆಯ ಮನೆಗಳು ಹಂಚಿಕೊಳ್ಳುತ್ತವೆ. ಬಿಡದಿದ್ದರೆ ಒಂದು ಪಾಟಿಚೀಲ ಸಿದ್ಧ ಮಾಡುತ್ತೇನೆ. ಅದರಲ್ಲಿ ಪುಸ್ತಕ, ಪಾಟಿ, ಮತ್ತೆ ಮಗು ಯಾವ ತರಗತಿ, ಎಲ್ಲಿವರೆಗೆ ಓದಿದೆ ಅಂತ ಹೆಡ್‌ಮಾಸ್ತರರು ಬರೆದು ಸಹಿ ಹಾಕಿದ ಒಂದು ಹಾಳೆ. ಟಿ.ಸಿ. ಇಲ್ಲ ಅಂತ ಯಾವ ಸರ್ಕಾರಿ ಶಾಲೆಯೂ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ, ಅದನ್ನು ತಂದೆತಾಯಿಗೆ ಎರಡೆರಡು ಸಲ ಹೇಳಿ ಕಳಿಸುತ್ತೇನೆ.

ಕಳೆದ ವರ್ಷ ಹಾಗೆ ಐದು ಚೀಲ ಕಳಿಸಿದೆ. ಮೂವರು ಬೆಂಗಳೂರಿನಲ್ಲಿ ಶಾಲೆಗೆ ಸೇರಿದರು. ಒಬ್ಬಳು ಸೇರಿ ಬಿಟ್ಟಳು. ಇನ್ನೊಬ್ಬ ಹುಡುಗ ಯುಗಾದಿಗೆ ಊರಿಗೆ ಬಂದಾಗ ಚೀಲ ವಾಪಸ್ ತಂದ. ಹಾಳೆ ಮಡಚಿದ ಹಾಗೇ ಇತ್ತು, ಯಾರೂ ಬಿಚ್ಚಿರಲಿಲ್ಲ. ಅವರಪ್ಪನಿಗೆ ಕಟ್ಟಡದ ಕೆಲಸ ಬಿಟ್ಟು ಶಾಲೆ ಹುಡುಕಲು ಪುರುಸೊತ್ತಾಗಿರಲಿಲ್ಲ. ಹುಡುಗ ಅವತ್ತೇ ಸಂಜೆ ಮರದ ಕೆಳಗೆ ಬಂದು ಕೂತ. ಒತ್ತಕ್ಷರ ಅರ್ಧ ಮರೆತಿದ್ದ, ಹೆಸರು ಮಾತ್ರ ಸರಿಯಾಗಿ ಬರೆದ. ಈ ಸಲ ಅವನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತೇವೆ ಅಂತ ಅವರವ್ವ ಒಪ್ಪಿದ್ದಾಳೆ. ಅಪ್ಪ ಇನ್ನೂ ಒಪ್ಪಿಲ್ಲ. ಸಂಕ್ರಾಂತಿಗೆ ಮುಂಚೆ ಇನ್ನೊಮ್ಮೆ ಅವರ ಮನೆಗೆ ಹೋಗಬೇಕು.